ಪುಸ್ತಕಕ್ಕೆ ಸೇರದ ಪುಟ

ಕಳೆದ ತಿಂಗಳು ಇಕಾಮಾ, ಅಂದರೆ ಈ ಕೊಲ್ಲಿ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಅದರ ನವೀಕರಣಕ್ಕೆಂದು ಫಹಾಹೀಲಿನ ಒಂದು ಟೈಪಿಂಗ್ ಅಂಗಡಿಗೆ ಹೋಗಿದ್ದೆ. ಅರ್ಜಿಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅಂಗಡಿಯವನು ಗೊಣಗಿಕೊಳ್ಳುತ್ತ ವೈಟ್ನರ್ ಬಾಟಲಿ ತೆಗೆದು, ಪುಟ್ಟ ಬ್ರಷ್ಷಿನಿಂದ ಆ ಅಕ್ಷರದ ಮೇಲೆ ಬಿಳಿ ಹಚ್ಚಿ, ಬಾಯಿಂದ ಊದಿದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅಹ್ಮದಿಯ ಒಂದು ಮನೆಯ ಊಟದ ಮೇಜಿನ ಮುಂದೆ ಕೂತಿದ್ದೆ. ಎದುರಿಗೆ ಮೇಡಂ. "ಒಣಗಲಿ, ಅವಸರ ಮಾಡಬೇಡ" ಎಂದು ಅವರು ಅಂದ ಹಾಗಾಯಿತು. ತಿರುಗಿ ನೋಡಿದೆ. ಯಾರೋ ಡ್ರೈವರ್ ಒಬ್ಬ ಸರದಿಗಾಗಿ ನಿಂತಿದ್ದ...

ನಾವು ಗದಗಿನ ಕಡೆಯವರು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಯಜಮಾನರು ಇಲ್ಲಿಯ ಎಣ್ಣೆ ಕಂಪನಿಯ ಮನೆಗಳ ಏಸಿ ರಿಪೇರಿ ಮಾಡುತ್ತಿದ್ದರು. ಆಗಲೂ ಈಗಲೂ ನಾವಿರುವುದು ಮಂಗಫ್‌ನಲ್ಲೇ. ಮೇಡಂ ಕಂಪನಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಇಂಗ್ಲೆಂಡಿನ ಹೆಂಗಸು. ಅರವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಅವರ ಮನೆಯ ಏಸಿ ನೋಡಲು ಹೋದ ಯಜಮಾನರನ್ನು, ಟೈಪ್ ಮಾಡುವವರು ಯಾರಾದರೂ ಗೊತ್ತೇ ಎಂದು ಕೇಳಿದರಂತೆ.

"ಟೈಪಿಂಗ್ ಪರೀಕ್ಷಾ ಪಾಸ್ ಮಾಡಿ ಮನ್ಯಾಗ ರೊಟ್ಟಿ ಬಡಕೋತ ಕುಂತೀದಿ, ಹೋಗಿ ಬಾ" ಎಂದರು ಯಜಮಾನರು. "ಆದ್ರ ಎಲ್ಲಾ ಸತ್ತವರ ಕಾಗದ ಅಂತ. ಹೆದರಬ್ಯಾಡ ಮತ್ತ."

"ಸತ್ತವರು ನನಗೇನ್ ಮಾಡ್ತಾರ್ರಿ? ಅವರೇನು ಚಾ ಮಾಡು, ಸಾಕ್ಸ್ ಹುಡುಕಿ ಕೊಡು ಅಂತಾರೇನು?" ಎಂದೆ.

ಹೆದರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ಕಾಗದಗಳು ನಾನೂರು ವರ್ಷ ಹಿಂದಿನ ಉಯಿಲುಗಳು, ನಮ್ಮ ಕಡೆ ಮೃತ್ಯುಪತ್ರ ಎನ್ನುತ್ತಾರಲ್ಲ, ಅವು. ಜೊತೆಗೆ ಸತ್ತವರ ಮನೆಯ ಸಾಮಾನು ಪಟ್ಟಿಗಳು. ಎಲ್ಲ ಮೇಡಂ ಅವರ ವಂಶದವು. ಇಂಗ್ಲೆಂಡಿನ ದಾಖಲೆ ಕಚೇರಿಯಿಂದ ಅಂಚೆಯಲ್ಲಿ ನಕಲು ತರಿಸುತ್ತಿದ್ದರು. ಅವನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡಬೇಕು, ಅದನ್ನು ಊರಲ್ಲಿರುವ ಅಣ್ಣನ ಕೈಗಿಡಬೇಕು, ಅದೂ ಅಣ್ಣ ಕಣ್ಣು ಮುಚ್ಚುವ ಮೊದಲು. ಇಷ್ಟೇ ಅವರಿಗಿದ್ದ ಆಸೆ. ಒಮ್ಮೆ ಅರ್ಧ ಮುಗಿಸಿಯೂ ಇದ್ದರಂತೆ. ಕೊಲ್ಲಿ ಯುದ್ಧದ ವರ್ಷ ರಜೆಗೆ ಹೋದವರು ತಿರುಗಿ ಬಂದಾಗ ಮನೆ ಖಾಲಿ. ಕುರ್ಚಿ, ಪರದೆ, ಬಲ್ಬು ಸಹಿತ ಹೋಗಿದ್ದವು. ಕಾಗದಗಳ ಬೂದಿ ಸ್ನಾನದ ತೊಟ್ಟಿಯಲ್ಲಿ ಸಿಕ್ಕಿತಂತೆ.

ಅಣ್ಣ, ತಂಗಿ ಇಬ್ಬರೇ ಆ ಹೆಸರಿನ ಮನೆತನದಲ್ಲಿ ಉಳಿದವರು. ತಮ್ಮ ಮೂಲಪುರುಷನಾದ ರೈತನ ಹಳ್ಳಿಯನ್ನು ಮೇಡಂ ಉಯಿಲಿನಿಂದಲೇ ಪತ್ತೆ ಮಾಡಿದ್ದರು. ಅಣ್ಣ ಆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಗೋರಿಗೆಂದು ಎರಡು ಜಾಗ ಹಿಡಿದಿಟ್ಟಿದ್ದರು. ಒಂದು ತನಗೆ, ಒಂದು ತಂಗಿಗೆ. "ಕಡೆಗೆ ನಮ್ಮವರ ಪಕ್ಕ ಮಲಗೋಣ" ಎಂದು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದರಂತೆ.

ಆ ಕಾಲದ ಇಂಗ್ಲಿಷ್ ಅಕ್ಷರ ನನಗೆ ಒಂದೂ ಹತ್ತಲಿಲ್ಲ. ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಹೊಲದ ಕಾಗದಗಳು ಮೋಡಿ ಲಿಪಿಯಲ್ಲಿದ್ದವು. ಓದಿಸಲು ಊರಿನ ಒಬ್ಬನೇ ಒಬ್ಬ ಮುದುಕನ ಮನೆಗೆ ಹೋಗಬೇಕಿತ್ತು. ಇದೂ ಹಾಗೆಯೇ ಅನ್ನಿಸಿತು. ಮೇಡಂ ಭೂತಗನ್ನಡಿ ಹಿಡಿದು ಓದುವರು, ನಾನು ಟೈಪ್ ಮಾಡುವೆನು. ಪ್ರತಿ ಸಾಲೂ 'ಐಟಂ' ಎಂದೇ ಶುರು. ಯಾರಾದರೂ ಸತ್ತರೆ ನೆರೆಯ ನಾಲ್ಕು ಜನ ಬಂದು ಮನೆಯ ಕೋಣೆ ಕೋಣೆ ತಿರುಗಿ ಕಂಡದ್ದನ್ನೆಲ್ಲ ಬರೆಯುವ ಪದ್ಧತಿ ಅಲ್ಲಿತ್ತಂತೆ. ನಡುಮನೆಯಲ್ಲಿ ಒಂದು ಮೇಜು, ಎರಡು ಬೆಂಚು. ಅಡಿಗೆಮನೆಯಲ್ಲಿ ಹಿತ್ತಾಳೆಯ ಪಾತ್ರೆ ಮೂರು, ಅದರಲ್ಲಿ ಒಂದು ತೂತು. ಅಟ್ಟದ ಮೇಲೆ ಉಣ್ಣೆ, ಒಡೆದ ರಾಟೆ...

ಧೂಳು ಎದ್ದ ಮಧ್ಯಾಹ್ನ ಕಿಟಕಿಗಳ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ದೀಪ ಹಾಕಿಕೊಂಡು ಕೂರುತ್ತಿದ್ದೆವು. ಹೊರಗೆ ಆಕಾಶ ಇಟ್ಟಿಗೆಯ ಬಣ್ಣ. ಮೇಡಂ ಒಂದೇ ಸ್ವರದಲ್ಲಿ ಓದುತ್ತ ಹೋದಂತೆ ಪಕ್ಕದ ಕೋಣೆಯಲ್ಲಿ ಯಾರೋ ಪಾತ್ರೆಯ ಮುಚ್ಚಳ ಎತ್ತಿ ನೋಡಿದಂತೆ, ನಾಲ್ಕು ಜನ ಬೂಟು ಕಾಲಲ್ಲಿ ಮೆಲ್ಲಗೆ ಓಡಾಡಿದಂತೆ ಕೇಳುತ್ತಿತ್ತು. ಒಮ್ಮೆ ತಡೆಯಲಾರದೆ ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ತಿರುಗಿ ಬಂದಾಗ ಮೇಡಂ, "ನಿನಗೂ ಕೇಳಿಸಿತೇ?" ಎಂದಷ್ಟೇ ಅಂದರು.

ಮನೆಗೆ ಬಂದು ಹೇಳಿದರೆ ಯಜಮಾನರು ನಕ್ಕರು. "ನಾನೂ ಯುದ್ಧ ಮುಗದ ಮ್ಯಾಲೆ ಪರಿಹಾರದ ಅರ್ಜಿಗೆ ಇಂಥಾದ್ದೇ ಬರದಿದ್ದೆ. ಫ್ಯಾನ್ ಒಂದು, ಟೇಪ್ ರೆಕಾರ್ಡರ್ ಒಂದು, ಕುಕ್ಕರ್ ಒಂದು. ನಾ ಸತ್ರ ನೀ ಏನ್ ಬರೀತಿ? ಲುಂಗಿ ಎರಡು?"

"ಒಂದ ಐತ್ರಿ. ಇನ್ನೊಂದನ್ನ ನೆಲ ಒರಸಾಕ ತಗೊಂಡೇನಿ."

ಮೇಡಂ ಬಹಳ ಕಟ್ಟುನಿಟ್ಟು. ಮೂರು ಪಾತ್ರೆ ಎಂಬಲ್ಲಿ ನಾಲ್ಕು ಎಂದು ಬಿದ್ದಿದ್ದಕ್ಕೆ ಇಡೀ ಪುಟವನ್ನು ಮತ್ತೆ ಮಾಡಿಸಿದ್ದರು. "ಅವನ ಮನೆಯಲ್ಲಿ ಇಲ್ಲದ ಪಾತ್ರೆಯನ್ನು ನಾವು ಇಡುವುದು ಬೇಡ" ಎಂದಿದ್ದರು, ಆ ಮನೆಯವರು ಹೊರಗೆ ಕಾಯುತ್ತ ನಿಂತಿದ್ದಾರೇನೋ ಎಂಬಂತೆ.

ಆ ರೈತನ ಉಯಿಲಿನಲ್ಲಿ ಆಗ್ನೆಸ್ ಎಂಬ ಹೆಂಗಸು ಬರುತ್ತಾಳೆ. ಅವಳಿಗೂ ಅವಳ ಗಂಡುಮಗುವಿಗೂ ಮನೆಯ ಒಳ್ಳೆಯ ಮಂಚವನ್ನು ಹಾಸಿಗೆ ಸಹಿತ ಬಿಟ್ಟಿದ್ದ. ಮೇಡಂ ಅವರ ವಂಶ ಬೆಳೆದದ್ದು ಆ ಮಗುವಿನಿಂದ. ಉಯಿಲಿನಲ್ಲಿ ಅವನು ಆಗ್ನೆಸ್‌ಳನ್ನು ಕರೆದದ್ದು 'ಡಾಟರ್ ಇನ್ ಲಾ' ಎಂದು. ಹಾಗಾಗಿ ಅವಳು ರೈತನ ತೀರಿಹೋದ ಮಗನ ಹೆಂಡತಿ ಎಂದು ಮೇಡಂ ಬರೆದಿದ್ದರು. ಮೂವತ್ತನೆಯ ಪುಟದಲ್ಲಿ ಅದು ಟೈಪ್ ಆಗಿತ್ತು. ಆ ಮದುವೆಯ ದಾಖಲೆ ಮಾತ್ರ ಎಷ್ಟು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ.

ಒಂದು ದಿನ ಊರಿನಿಂದ ಬಂದ ಪತ್ರ ನನ್ನ ಚೀಲದಲ್ಲಿತ್ತು. ಯಾರದು ಎಂದು ಮೇಡಂ ಕೇಳಿದರು. ನನ್ನ ಸೋದರಮಾವನದು ಎಂದೆ. ಏನು ಬರೆದಿದ್ದಾರೆ ಎಂದರು. ಮಾವ ಯಾವಾಗಲೂ 'ಪ್ರೀತಿಯ ಸೊಸಿಗೆ' ಎಂದು ಶುರು ಮಾಡುತ್ತಿದ್ದ. ನಾನು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದೆ, 'ಡಿಯರ್ ಡಾಟರ್ ಇನ್ ಲಾ'.

"ನಿನ್ನ ಗಂಡ ನಿನ್ನ ಮಾವನ ಮಗನೇ?"

"ಅಲ್ಲ ಮೇಡಂ. ನಾನು ಅವನ ಅಕ್ಕನ ಮಗಳು. ನಮ್ಮಲ್ಲಿ ಅದಕ್ಕೂ ಸೊಸೆ ಅಂತಲೇ ಅನ್ನುತ್ತಾರೆ. ಮದುವೆ ಆಗಿರಲೇಬೇಕು ಅಂತಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ನಾನು ಅವನಿಗೆ ಸೊಸೆಯೇ."

ಮೇಡಂ ನಕ್ಕರು. ನಗು ಪೂರ್ತಿ ಮುಗಿಯಲಿಲ್ಲ. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. "ಮದುವೆ ಆಗಿರಲೇಬೇಕು ಅಂತಿಲ್ಲ" ಎಂದು ನನ್ನ ಮಾತನ್ನೇ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, "ಖಲಾಸ್, ಇವತ್ತಿಗೆ ಸಾಕು" ಎಂದರು. ನಾನೇನೋ ತಪ್ಪು ಮಾಡಿದೆ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಅವರು ದಾಖಲೆ ಕಚೇರಿಗೆ ಪತ್ರ ಬರೆದರು. ಆರು ವಾರದ ಮೇಲೆ ಉತ್ತರ ಬಂತು. ಆ ಕಾಲದಲ್ಲಿ ಹೆಂಡತಿಯ ಮೊದಲ ಗಂಡನ ಮಗಳನ್ನೂ ಅದೇ ಮಾತಿನಿಂದ ಕರೆಯುತ್ತಿದ್ದರಂತೆ. ಜೊತೆಗೆ ಇನ್ನೊಬ್ಬನ ಉಯಿಲಿನ ನಕಲು. ರೈತನ ಹೆಂಡತಿಗೆ ಮೊದಲೊಬ್ಬ ಗಂಡನಿದ್ದ. ಅವನು ಸಾಯುವಾಗ ಬರೆಸಿದ್ದ, 'ನನ್ನ ಮಗಳು ಆಗ್ನೆಸ್' ಎಂದು.

ಅಂದರೆ ಆಗ್ನೆಸ್ ಆ ರೈತನ ಮನೆಗೆ ತಾಯಿಯ ಸೆರಗು ಹಿಡಿದು ಬಂದವಳು. ಅವಳ ಮಗುವಿನ ತಂದೆ ಯಾರೋ ಗೊತ್ತಿಲ್ಲ. ಬೆಳೆದ ಮನೆಯ ಹೆಸರನ್ನೇ ಮಗು ಇಟ್ಟುಕೊಂಡಿತು. ಮೇಡಂ ಮತ್ತು ಅವರ ಅಣ್ಣನ ಮೈಯಲ್ಲಿ ಆ ಮನೆತನದ ರಕ್ತ ಒಂದು ಹನಿಯೂ ಇರಲಿಲ್ಲ.

"ಅವಳಿಗೆ ಒಳ್ಳೆಯ ಮಂಚವನ್ನೇ ಕೊಟ್ಟಿದ್ದಾನಲ್ಲ ಮೇಡಂ" ಎಂದೆ.

"ಹೌದು, ಕರುಣೆಯುಳ್ಳ ಮನುಷ್ಯ" ಎಂದರು. ಬೇರೆಯವರ ಮನೆಯ ಯಜಮಾನನ ಬಗ್ಗೆ ಮಾತಾಡಿದ ಹಾಗಿತ್ತು.

ಆದರೂ ಮರುದಿನ ಅದೆಲ್ಲವನ್ನೂ ಬರೆದು ಕೊಟ್ಟರು. ಹಿಂದಿನ ಪುಟದಲ್ಲಿ ಹೇಳಿದ್ದು ತಪ್ಪು ಎಂದೇ ಅದರ ಮೊದಲ ಸಾಲು. ನಾನು ಟೈಪ್ ಮಾಡಿದೆ. ಅದು ಮೂವತ್ತೊಂದನೆಯ ಪುಟ. ಮುಂದಿನ ತಲೆಮಾರುಗಳ ಕತೆ ಆ ಚಳಿಗಾಲವೆಲ್ಲ ನಡೆದು ತೊಂಬತ್ತನೆಯ ಪುಟಕ್ಕೆ ಮುಗಿಯಿತು. ಮೇಡಂ ಓದುವ ಸ್ವರ ಮಾತ್ರ ಬದಲಾಗಿತ್ತು. ಪಕ್ಕದ ಕೋಣೆಯಲ್ಲಿ ಮತ್ತೆ ಯಾವ ಸದ್ದೂ ನನಗೆ ಕೇಳಲಿಲ್ಲ. ಆ ನಾಲ್ಕು ಜನ ಎದ್ದು ಹೋಗಿದ್ದರು...

ಪುಟಗಳನ್ನು ಪುಸ್ತಕವಾಗಿ ಹೊಲಿಸಲು ಕೊಡುವ ವಾರ ಅಣ್ಣನ ಪತ್ರ ಬಂತು. ಆಸ್ಪತ್ರೆಯ ನರ್ಸ್ ಕೈಯಿಂದ ಬರೆಸಿದ್ದು. ಮೇಡಂ ನನಗೆ ಓದಿ ಹೇಳಿದರು. "ಪುಸ್ತಕ ಬೇಗ ಕಳಿಸು. ಅವರ ಪಕ್ಕ ಹೋಗಿ ಮಲಗುವ ಮೊದಲು ಅವರ ಪರಿಚಯ ಸರಿಯಾಗಿ ಮಾಡಿಕೊಳ್ಳಬೇಕು."

ಮೇಡಂ ಕಟ್ಟಿನಿಂದ ಮೂವತ್ತೊಂದನೆಯ ಪುಟ ಎಳೆದು ನನ್ನ ಮುಂದಿಟ್ಟರು. "ಮುಂದಿನ ಪುಟಗಳ ಸಂಖ್ಯೆ ಸರಿ ಮಾಡು" ಎಂದರು. ಒಂದು ಪಾತ್ರೆ ಹೆಚ್ಚಾದುದನ್ನು ಸಹಿಸದವರು. ನಾನು ಮುಖ ನೋಡಲಿಲ್ಲ. ಐವತ್ತೊಂಬತ್ತು ಪುಟಗಳ ಮೇಲಿನ ಸಂಖ್ಯೆಗೆ ವೈಟ್ನರ್ ಹಚ್ಚಿ, ಒಣಗಿಸಿ, ಒಂದೊಂದೇ ಕಡಿಮೆ ಮಾಡಿ ಟೈಪ್ ಮಾಡಿದೆ. ಮೇಡಂ ಎದುರಿಗೆ ಕೂತು ಒಂದೊಂದನ್ನೂ ಊದಿ ಕೊಡುತ್ತಿದ್ದರು. ಆ ವಾಸನೆಗೆ ನನಗೆ ತಲೆ ಸಿಡಿಯುತ್ತಿತ್ತು, ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ವೈಟ್ನರ್‌ನಿಂದ ಎಂದೇ ಅವತ್ತು ಅಂದುಕೊಂಡೆ.

ತೆಗೆದ ಪುಟವನ್ನು ಹರಿದುಹಾಕು ಎಂದು ಅವರು ಹೇಳಲಿಲ್ಲ. ತಿರುಗಿ ಕೇಳಲೂ ಇಲ್ಲ. ನಾನು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಣ್ಣ ಪುಸ್ತಕ ಓದಿ ಮುಗಿಸಿಯೇ ಹೋದರಂತೆ. ಮೇಡಂ ಮಣ್ಣು ಮಾಡಲು ಹೋಗಿ ಬಂದರು. ಊರು ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿದೆ. ಅಲ್ಲಿ ನಾನು ಅತಿಥಿ" ಎಂದರು. ಅದಾದ ಮೇಲೆ ದಾಖಲೆ ಕಚೇರಿಗೆ ಅವರು ಪತ್ರ ಬರೆದದ್ದನ್ನು ನಾನು ಕಾಣೆ. ಎರಡು ವರ್ಷಕ್ಕೆ ಕೆಲಸ ಮುಗಿಸಿ ಊರಿಗೆ ಹೋದರು. ಕೆಲವು ವರ್ಷ ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ನಾನಾದರೂ ಬರೆಯಬಹುದಿತ್ತು. ಇವತ್ತು ನಾಳೆ ಎನ್ನುತ್ತ...

ಟೈಪಿಂಗ್ ಅಂಗಡಿಗೆ ಹೋಗಿ ಬಂದ ನಾಲ್ಕನೆಯ ದಿನ ಮಗಳ ಫೋನಿಗೆ ಒಂದು ಇಮೇಲ್ ಬಂತು. "ಅಮ್ಮಾ, ದಿಸ್ ಈಸ್ ಫಾರ್ ಯು, ಐ ಥಿಂಕ್" ಎಂದು ತಂದು ತೋರಿಸಿದಳು. ಇಂಗ್ಲೆಂಡಿನಿಂದ ಯಾರೋ ಹೆಂಗಸು. ಆಗ್ನೆಸ್‌ಳ ಮಗನಿಂದ ಬಂದ ಇನ್ನೊಂದು ಕವಲಿನವಳಂತೆ. ಆ ಹಳ್ಳಿಯ ಲೈಬ್ರರಿಯಲ್ಲಿ ಮೇಡಂ ಪುಸ್ತಕ ಸಿಕ್ಕಿದೆ. ಅದರ ಮೊದಲಲ್ಲಿ ಟೈಪ್ ಮಾಡಿದವಳೆಂದು ನನ್ನ ಹೆಸರಿದೆಯಂತೆ. ಹುಡುಕುತ್ತ ಹೋಗಿ ಇಂಟರ್ನೆಟ್ಟಿನಲ್ಲಿ ನನ್ನ ಮಗಳು ಸಿಕ್ಕಿದ್ದಳು. ಬೆಳಕಿಗೆ ಹಿಡಿದರೆ ಮೂವತ್ತೊಂದರಿಂದ ಮುಂದೆ ಪ್ರತಿ ಸಂಖ್ಯೆಯ ಕೆಳಗೂ ಇನ್ನೊಂದು ಸಂಖ್ಯೆ ಕಾಣುತ್ತದೆ, ನಡುವೆ ಒಂದು ಪುಟ ಇತ್ತೇ ಎಂದು ಕೇಳಿದ್ದಳು. ಮೇಡಂ ಅವರನ್ನೇ ಕೇಳೋಣವೆಂದರೆ ಅವರು ನಾಲ್ಕು ತಿಂಗಳ ಹಿಂದೆ ಒಂದು ವೃದ್ಧಾಶ್ರಮದಲ್ಲಿ ತೀರಿಕೊಂಡರು ಎಂದೂ ಬರೆದಿದ್ದಳು.

ಹೀಗೆ, ಒಂದು ವಾಕ್ಯದ ನಡುವೆ, ನನಗೆ ಅವರ ಸಾವು ತಿಳಿಯಿತು.

ಅವಳು ಇನ್ನೊಂದನ್ನೂ ಕೇಳಿದ್ದಳು. ಅಣ್ಣನ ಗೋರಿಯ ಪಕ್ಕ ಜಾಗ ಕಾದಿರಿಸಿದ್ದರೂ, ತನ್ನನ್ನು ಅಲ್ಲಿ ಇಡಬಾರದು ಎಂದು ಮೇಡಂ ಬರೆದಿಟ್ಟು ಹೋಗಿದ್ದರಂತೆ. ಬೂದಿಯನ್ನು ಎಲ್ಲಿಯೋ ಸಮುದ್ರಕ್ಕೆ ಬಿಟ್ಟರಂತೆ. ಯಾಕೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೇನಾದರೂ ಗೊತ್ತೇ?

ಗೊತ್ತು. ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತು. ಎರಡು ದಿನ ಅನ್ನ ಸೇರಲಿಲ್ಲ. ಅವತ್ತು ಮಾವನ ಪತ್ರವನ್ನು ಚೀಲದಲ್ಲಿ ಯಾಕೆ ಇಟ್ಟುಕೊಂಡು ಹೋದೆನೋ... "ನೀ ಏನ್ ಬೇಕಂತ ಅಂದಿದ್ದೇನು?" ಎಂದು ಯಜಮಾನರು ಸಮಾಧಾನ ಮಾಡಿದರು. ಬೇಕೆಂದು ಅಂದಿರಲಿಲ್ಲ. ಅದರಿಂದೇನು? ಮೂರನೆಯ ದಿನ ಪುಟ ಹುಡುಕಿ ತೆಗೆದು, ಮಗಳಿಂದ ಫೋಟೋ ತೆಗೆಸಿ ಕಳಿಸಿದೆ. ಎರಡು ಪ್ರಶ್ನೆಗೂ ಉತ್ತರ ಅದೇ ಎಂದು ಬರೆಸಿದೆ.

ಮೊನ್ನೆ ಅವಳ ಜವಾಬು ಬಂತು. ಪುಟಕ್ಕಾಗಿ ಕೃತಜ್ಞತೆ ಹೇಳಿದ್ದಳು. ಆಮೇಲೆ, ಆ ಚರ್ಚಿನಲ್ಲಿ ಮಣ್ಣು ಮಾಡಿದವರ ಹಳೆಯ ರಿಜಿಸ್ಟರನ್ನು ತಾನು ನೋಡಿದ್ದೇನೆ, ಮೇಡಂ ನೋಡಿರಲಿಲ್ಲವೇ ಎಂದು ಕೇಳಿದ್ದಳು. ಆಗ್ನೆಸ್ ಮುದುಕಿಯಾಗಿ ಅದೇ ಊರಲ್ಲಿ ಸತ್ತಳಂತೆ. ಅವಳನ್ನು ಮಣ್ಣು ಮಾಡಿದ್ದು ಅದೇ ಅಂಗಳದಲ್ಲಿ, ಅದೇ ಮನೆತನದ ಹೆಸರಿನಲ್ಲಿ. ಯಾರ ಮಗಳು ಎಂಬಲ್ಲಿ ಆ ರೈತನ ಹೆಸರಿದೆಯಂತೆ. ಮಗಳು ಎಂದಷ್ಟೇ. ಮುಂದೆ 'ಇನ್ ಲಾ' ಎಂಬ ಮಾತಿಲ್ಲ.

ನಾನು ಮಗಳಿಂದ ಆ ಸಾಲನ್ನು ಮತ್ತೆ ಮತ್ತೆ ಓದಿಸಿದೆ. ಮೇಡಂ ಆ ರಿಜಿಸ್ಟರ್ ತರಿಸಿರಲಿಲ್ಲ. ಅವರು ಹುಡುಕುವುದನ್ನೇ ಬಿಟ್ಟಿದ್ದರಲ್ಲ. ಇನ್ನೊಂದೇ ಒಂದು ಪತ್ರ ಬರೆದಿದ್ದರೆ, ಆರು ವಾರ ಕಾದಿದ್ದರೆ ಸಾಕಿತ್ತು. ಅವರ ಜಾಗ ಅಲ್ಲಿಯೇ ಇತ್ತು, ಅಣ್ಣನ ಪಕ್ಕ, ಆಗ್ನೆಸ್‌ಳ ಹತ್ತಿರ. ಈಗಲೂ ಖಾಲಿ ಇದೆಯಂತೆ. ಇದನ್ನು ಹೇಳಬೇಕಾಗಿದ್ದದ್ದು ಅವರೊಬ್ಬರಿಗೆ.