ಗೇಟಿನ ಮಾಮಾ ನಮ್ಮನ್ನು ನಿಲ್ಲಿಸುತ್ತಿದ್ದರು

ಹೋದ ತಿಂಗಳು ಬೆಳಗಾವಿಯ ನಮ್ಮ ಓಣಿಯಲ್ಲಿ ಯಾರದೋ ಮನೆಯ ಮದುವೆ. ಗಾಡಿಗಳು ಎಲ್ಲೆಂದರಲ್ಲಿ ನಿಲ್ಲಬಾರದೆಂದು ರಸ್ತೆಯ ಅಂಚಿಗೆ ಕಲ್ಲುಗಳನ್ನಿಟ್ಟು ಸುಣ್ಣ ಬಳಿದಿದ್ದರು. ಹಾಲು ತರಲು ಹೊರಟವಳ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ನಿಂತುಬಿಟ್ಟೆ. ಅಷ್ಟರಲ್ಲಿ ಸ್ಕೂಟರಿನವನೊಬ್ಬ ಕಲ್ಲಿನ ಸಾಲನ್ನು ದಾಟಿಸಿ, ನನ್ನ ಕಾಲಿಗೆ ತಾಗುವಷ್ಟು ಹತ್ತಿರ ಗಾಡಿ ತಂದು, "ಸರೀರಿ ಆಂಟಿ, ನಡು ರಸ್ತಾದಾಗ ಯಾಕ ನಿಂತೀರಿ" ಎಂದ. ನಾನು ನಿಂತದ್ದು ಕಲ್ಲಿನ ಈಚೆ. ಆದರೆ ಯಾರ ಜೊತೆ ವಾದ ಮಾಡುವುದು… ಸುಣ್ಣ ಬಳಿದ ಕಲ್ಲನ್ನು ದಾಟಬಾರದು ಎಂಬುದನ್ನು ಖರೇ ಎಂದು ನಂಬಿದ್ದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಅವರ ಕಾಟ ನೆನೆದರೆ ನಲವತ್ತು ವರ್ಷಗಳ ನಂತರವೂ ತಲೆ ಬಿಸಿಯಾಗುತ್ತದೆ.

ಆಗ ನಾವು ಖಾನಾಪುರದಲ್ಲಿದ್ದೆವು. ನಮ್ಮ ಮನೆ ರೈಲು ಹಳಿಯ ಈಚೆ, ನಾವು ಓದುವ ಸಾಲಿ ಆಚೆ. ನಡುವೆ ಗೇಟು. ನಾನು ನಾಲ್ಕನೇ ಇಯತ್ತೆ, ತಮ್ಮ ಒಂದನೇ ಇಯತ್ತೆ. ಮನೆಯಿಂದ ಸಾಲಿಗೆ ಇಪ್ಪತ್ತು ನಿಮಿಷದ ದಾರಿ. ಗೇಟು ಸೇರಿಸಿದರೆ ಎಷ್ಟು ಹೊತ್ತಿನ ದಾರಿ ಎಂದು ದೇವರಿಗೂ ಗೊತ್ತಿರಲಿಲ್ಲ. ಆ ಗೇಟು ಕಾಯುತ್ತಿದ್ದವರನ್ನು ಎಲ್ಲ ಮಕ್ಕಳೂ ಗೇಟಿನ ಮಾಮಾ ಎನ್ನುತ್ತಿದ್ದೆವು. ಕಾಲರು ಹರಿದ ಖಾಕಿ ಅಂಗಿ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟ. ಹೆಂಡತಿ ತೀರಿಹೋಗಿದ್ದರು. ಗೇಟಿನ ಬಾಜೂ ಒಂದು ಕೋಣೆಯಲ್ಲಿ ಅವರು ಮತ್ತು ನಮ್ಮ ಸಾಲಿಯಲ್ಲೇ ಏಳನೇ ಇಯತ್ತೆ ಓದುತ್ತಿದ್ದ ಅವರ ಮಗಳು.

ರೈಲು ಬರುವಾಗ ನಿಲ್ಲಿಸಿದರೆ ಯಾರಾದರೂ ಒಪ್ಪುತ್ತಾರೆ. ಮಾಮಾ ರೈಲು ಹೋದ ಮೇಲೂ ಬಿಡುತ್ತಿರಲಿಲ್ಲ. ಹಳಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಕಲ್ಲುಗಳನ್ನು ಸಾಲಾಗಿಟ್ಟು ತಾವೇ ಸುಣ್ಣ ಬಳಿದಿದ್ದರು. ಮಕ್ಕಳೆಲ್ಲ ಅದರ ಹಿಂದೆ, ಇಬ್ಬಿಬ್ಬರು ಕೈ ಹಿಡಿದು ನಿಲ್ಲಬೇಕು. ಗೇಟು ಎತ್ತಿದ ಕೂಡಲೇ ಮೊದಲು ಚಕ್ಕಡಿಗಳು, ಹಂಚಿನ ಕಾರ್ಖಾನೆಯ ಲಾರಿಗಳು, ಸೈಕಲ್ಲುಗಳು. ಆಮೇಲೆ ದೊಡ್ಡವರು. ಎಲ್ಲರೂ ಹೋಗಿ ರಸ್ತೆ ಬಯಲಾದ ಮೇಲೆ ನಾವು. ಬಾವುಟದ ಕೋಲನ್ನು ಅಡ್ಡ ಹಿಡಿದು ಮರಾಠಿ ಮನೆಯ ಮಕ್ಕಳಿಗೆ "ಥಾಂಬಾ" ಎಂದು, ನಮಗೆ "ನಿಲ್ರಿ" ಎಂದು ಒಂದೇ ಉಸಿರಿನಲ್ಲಿ ಗದರುತ್ತಿದ್ದರು. ರಸ್ತೆ ಖಾಲಿಯಾಯಿತು, ಇನ್ನೇನು ಬಿಟ್ಟರು ಎನ್ನುವಾಗ ದೂರದ ತಿರುವಿನಲ್ಲಿ ಒಂದು ಚಕ್ಕಡಿ ಕಾಣುತ್ತಿತ್ತು.

"ಆ ಬರೂ ಗಾಡಿ ಹೋಗ್ಲಿ."

ಆ ಗಾಡಿಯ ಎತ್ತುಗಳಿಗೆ ಸಾಲಿಯ ಗಂಟೆ ಎಲ್ಲಿ ಗೊತ್ತು! ಅವು ಬಾಲ ಬೀಸುತ್ತಾ, ದಾರಿಯಲ್ಲಿ ಬಿದ್ದ ಹುಲ್ಲಿಗೆ ಬಾಯಿ ಹಾಕುತ್ತಾ ಬರುವವರೆಗೆ ಮಾಮಾ ನಮ್ಮ ತಪಾಸಣೆ ಮಾಡುತ್ತಿದ್ದರು. ಒಬ್ಬನಿಗೆ ಮೂಗು ಒರೆಸಿಕೋ, ಒಬ್ಬಳಿಗೆ ರಿಬ್ಬನ್ ಕಟ್ಟಿಕೋ. ನನಗಂತೂ ಯಾವಾಗಲೂ ಪಕ್ಕದ ಓಣಿಯ ಹುಡುಗನೊಬ್ಬನ ಕೈ ಹಿಡಿಸುತ್ತಿದ್ದರು. ಅವನ ಅಂಗೈ ಸದಾ ಬೆಲ್ಲ ಹಚ್ಚಿದ ಹಾಗೆ ಅಂಟು. ಅವರ ಮಗಳೂ ನಮ್ಮ ಜೊತೆಗೇ ನಿಂತಿರುತ್ತಿದ್ದಳು. "ಅಕ್ಕಾ, ನಿಮ್ಮಪ್ಪಗ ಹೇಳಬಾರದಾ" ಎಂದರೆ, "ನಾ ಹೇಳಿದ್ರ ಇನ್ನೂ ಐದ ಮಿಂಟ ಜಾಸ್ತಿ ನಿಲ್ಲಸ್ತಾನ" ಎನ್ನುತ್ತಿದ್ದಳು.

ಮನೆಯಿಂದ ಬೇಗ ಹೊರಟು ನೋಡಿದೆವು. ಬೇಗ ಹೊರಟರೆ ಬೇಗ ಬರುವ ರೈಲು ಸಿಗುತ್ತಿತ್ತು. ಗೂಡ್ಸ್ ಗಾಡಿಗಳಿಗಂತೂ ವೇಳೆಯೇ ಇರಲಿಲ್ಲ. ತಡವಾಗಿ ಹೋದವರನ್ನು ಗುರುಗಳು ಪ್ರಾರ್ಥನೆ ಮುಗಿದ ಮೇಲೂ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಗೇಟು ಹಾಕಿತ್ತು ಎಂದರೆ, "ನಿಮಗಷ್ಟ ಹಾಕ್ತಾರೇನು? ಉಳದವ್ರು ಹಾರಿ ಬಂದಾರೇನು?" ಎಂಬ ಪ್ರಶ್ನೆ. ಅಲ್ಲಿ ನಿಲ್ಲುವುದು, ಇಲ್ಲಿ ನಿಲ್ಲುವುದು. ನನ್ನ ನಾಲ್ಕನೇ ಇಯತ್ತೆಯ ಅರ್ಧ ನಿಂತೇ ಕಳೆಯಿತು.

ಆ ವರ್ಷ ಸಾಲಿಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಸ್ವಾಗತದ ಹಾಡಿಗೆ ನನ್ನನ್ನು ಆರಿಸಿದ್ದರು. ಹದಿನೈದು ದಿನ ಹಾಡಿ ಹಾಡಿ ಮನೆಯವರ ಕಿವಿ ತೂತು ಮಾಡಿದ್ದೆ. ಆ ಬೆಳಿಗ್ಗೆ ಅವ್ವ ಎರಡು ಜಡೆ ಹಾಕಿ ಅಬ್ಬಲಿಗಿ ಹೂವು ಮುಡಿಸಿ ಕಳಿಸಿದಳು. ಗೇಟು ಹಾಕಿತ್ತು. ಗೂಡ್ಸ್ ಹೋಯಿತು. ಹಿಂದೆಯೇ ಕಬ್ಬಿನ ಚಕ್ಕಡಿಗಳು, ಒಂದರ ಹಿಂದೆ ಒಂದು, ಎಣಿಸಲೂ ಸಿಟ್ಟು ಬರುವಷ್ಟು.

"ಮಾಮಾ, ಇವತ್ತೊಂದ ದಿನಾ ಬಿಡ್ರಿ. ನಾ ಹಾಡ ಹೇಳೂದೈತಿ."

"ಇಲ್ಲೇ ಹೇಳವಾ. ನಾನೂ ಕೇಳ್ತೀನಿ."

ಅವರು ಪ್ರೀತಿಯಿಂದಲೇ ಅಂದರೋ ಏನೋ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮಾಮಾ ಗಲಿಬಿಲಿಗೊಂಡು ಒಮ್ಮೆ ಚಕ್ಕಡಿಗಳ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆದರೂ ಕೋಲು ಕೆಳಗಿಳಿಸಲಿಲ್ಲ. ಸಾಲಿ ಮುಟ್ಟಿದಾಗ ನನ್ನ ಹಾಡನ್ನು ಬೇರೊಬ್ಬಳು ಹಾಡುತ್ತಿದ್ದಳು. ಎರಡನೇ ಸಾಲನ್ನು ತಪ್ಪು ಹಾಡುತ್ತಿದ್ದಳು.

ಆ ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪನದು ಬಟ್ಟೆ ಅಂಗಡಿ. ಗಿರಾಕಿಗಳ ಮುಂದೆ ನುಂಗಿಕೊಂಡ ಸಿಟ್ಟನ್ನೆಲ್ಲ ಮನೆಗೆ ತರುವ ಮನುಷ್ಯ. "ರೈಲ ಹೋದ ಮ್ಯಾಲೂ ನಮ್ಮನ್ನ ಬಿಡೂದಿಲ್ಲ. ದಿನಾ ಹಂಗ ಮಾಡ್ತಾರ. ದೊಡ್ಡವರನ್ನ ಬಿಡ್ತಾರ, ನಮ್ಮನ್ನ ಬಿಡೂದಿಲ್ಲ" ಎಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಲಾರಿ ಚಕ್ಕಡಿಗಳ ಮಾತನ್ನು ಮಾತ್ರ ಬಿಟ್ಟೆ. ಮರೆತು ಬಿಟ್ಟದ್ದಲ್ಲ… ಹೇಳಿದರೆ ಅಪ್ಪನ ಸಿಟ್ಟು ಇಳಿದೀತು ಎಂದು ನನಗೆ ಗೊತ್ತಿತ್ತು.

ಅಪ್ಪ ರೈಲ್ವೆ ಕಚೇರಿಗೆ ಅರ್ಜಿ ಬರೆದರು. ಓಣಿಯ ಇನ್ನೂ ನಾಲ್ಕು ಜನರ ಸಹಿ ಹಾಕಿಸಿದರು. ಒಂದೂವರೆ ತಿಂಗಳಿಗೆ ಮಾಮಾನಿಗೆ ಬದಲಿಯಾಯಿತು, ಸಾಂಬ್ರಾ ಕಡೆಯ ಒಂದು ಗೇಟಿಗೆ. ಅವರು ಹೊರಟ ದಿನ ನಾವು ಸಾಲಿಗೆ ಹೋಗುತ್ತಿದ್ದೆವು. ಟ್ರಂಕು, ಹಾಸಿಗೆ ಸುರುಳಿ, ಎರಡು ಕೊಡ ಹೊರಗಿದ್ದವು. ಮಗಳು ಟ್ರಂಕಿನ ಮೇಲೆ ಕುಳಿತಿದ್ದಳು. ಮಾಮಾ ಹೊಸಬನಿಗೆ ಕಲ್ಲಿನ ಸಾಲನ್ನು ತೋರಿಸಿ ಏನೋ ಹೇಳುತ್ತಲೇ ಇದ್ದರು. ಅವನು ಬೀಡಿ ಹಚ್ಚುತ್ತಾ ಹೂಂ ಹೂಂ ಎನ್ನುತ್ತಿದ್ದ. ನನಗೆ ಆಗ ಏನನ್ನಿಸಿತು ಎಂದು ಸುಳ್ಳು ಬರೆಯಲಾರೆ. ಗೆದ್ದೆ ಅನ್ನಿಸಿತ್ತು.

ಹೊಸಬ ಒಳ್ಳೆಯವನೇ. ಗೇಟು ಎತ್ತಿದರೆ ಅವನ ಕೆಲಸ ಮುಗಿಯಿತು. ಮೂರು ವಾರ ನಾವು ಸರಿಯಾದ ಹೊತ್ತಿಗೆ ಸಾಲಿ ಸೇರಿದೆವು. ನಾಲ್ಕನೆಯ ವಾರ ಗೇಟು ಏಳುತ್ತಲೇ ಎರಡೂ ಕಡೆಯ ಗಾಡಿ, ಜನ, ಮಕ್ಕಳು ಎಲ್ಲ ಒಟ್ಟಿಗೇ ನುಗ್ಗಿದರು. ಹಿಂದಿನ ಲಾರಿಯ ಹಾರ್ನಿಗೆ ಎತ್ತೊಂದು ಬೆದರಿ ಅಡ್ಡ ಎಳೆಯಿತು. ತಮ್ಮನ ಕೈ ನನ್ನ ಕೈಯಿಂದ ಜಾರಿತು. ಚಕ್ಕಡಿಯ ಗಾಲಿ ಅವನ ಎಡಪಾದದ ಮೇಲೆ ಹಾದುಹೋಯಿತು.

ಎರಡು ತಿಂಗಳು ಅವನು ಹಾಸಿಗೆ ಹಿಡಿದ. ಇಂದಿಗೂ ಮಳೆಗಾಲದಲ್ಲಿ ಆ ಕಾಲನ್ನು ಎಳೆದು ನಡೆಯುತ್ತಾನೆ. ಆಸ್ಪತ್ರೆಯಲ್ಲಿ ನಾನು ಅಳುತ್ತಾ, ಮಾಮಾ ಯಾಕೆ ನಿಲ್ಲಿಸುತ್ತಿದ್ದರು ಎಂಬುದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದೊಂದು ಐತಾರ, ಅಂಗಡಿಗೆ ರಜೆಯ ದಿನ, ಅಪ್ಪ ನನ್ನನ್ನು ಕರೆದುಕೊಂಡು ಸಾಂಬ್ರಾ ಕಡೆ ಹೊರಟರು. ಬಸ್ಸಿಳಿದು ಹೊಲಗಳ ನಡುವೆ ನಡೆದು ಗೇಟು ಮುಟ್ಟಿದೆವು. ಗೇಟು ತೆರೆದೇ ಇತ್ತು. ಮಾಮಾ ಹಳಿಯ ಆಚೆ ಇದ್ದರು. ಅಪ್ಪ ದಾಟಲು ಹೆಜ್ಜೆ ಎತ್ತಿದರು.

"ನಿಲ್ರಿ."

ದೂರದಲ್ಲಿ ಒಂದು ಚಕ್ಕಡಿ ಬರುತ್ತಿತ್ತು. ಕ್ಷಮೆ ಕೇಳಲು ಅಷ್ಟು ದೂರದಿಂದ ಬಂದವರನ್ನು, ಅದು ಬಂದು ಹಳಿ ದಾಟಿ ಹೋಗುವವರೆಗೆ ಬಿಸಿಲಲ್ಲಿ ನಿಲ್ಲಿಸಿದರು ಮಹಾರಾಯರು. ಅಪ್ಪನ ಕಿವಿ ಕೆಂಪಾದವು. ಎತ್ತಿದ ಹೆಜ್ಜೆಯನ್ನು ಹಿಂದಿಟ್ಟರು.

"ಅರ್ಜಿ ಬರದಾಂವ ನಾನ. ತಪ್ಪಾತು" ಎಂದರು ಅಪ್ಪ, ಕೋಣೆಯ ಮುಂದೆ ಕುಳಿತ ಮೇಲೆ.

ಮಾಮಾ ನನ್ನನ್ನು ನೋಡಿದರು. "ಹುಡುಗಿ ಹೇಳಿದ್ದು ಖರೇನ ಐತಲ್ರಿ. ನಿಲ್ಲಸ್ತಿದ್ನಿ." ಆಮೇಲೆ ತಮ್ಮನ ಕಾಲಿನ ಬಗ್ಗೆ ಕೇಳಿದರು. ಸುದ್ದಿ ಅವರಿಗೆ ಮುಟ್ಟಿತ್ತು. ಅಪ್ಪ ಹೇಳುತ್ತಾ ಹೋದಂತೆ ಅವರ ಮುಖ ಬಿಗಿಯಾಯಿತು. "ಅಲ್ಲಿ ಅಷ್ಟು ಹುಡುಗ್ರು ದಾಟ್ತಾವ. ಇಲ್ಲಿ ನನಗ ದನಾ ದಾಟಸಾಕ ಹಾಕ್ಯಾರ. ಯಾಕ ನಿಲ್ಲಸ್ತಿ ಅಂತ ಬಂದು ಒಂದ ಮಾತ ಕೇಳಾಕ ಆಗಲಿಲ್ಲೇನ್ರಿ ನಿಮಗ?"

ಮಾಮಾನ ಮಗಳು ಚಹಾ ತಂದಿಟ್ಟಳು. ನಡುವರ್ಷ ಬಂದವಳನ್ನು ಅಲ್ಲಿಯ ಸಾಲಿಯಲ್ಲಿ ಸೇರಿಸಿಕೊಂಡಿರಲಿಲ್ಲ. ಯಾರದೋ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಎಂದಳು. ನಾನು ಬಸಿಯಲ್ಲಿದ್ದ ಚಹಾ ನೋಡುತ್ತಾ ಕುಳಿತೆ. ಏಳುವಾಗ ಅಪ್ಪ, "ವಾಪಸ್ ಕರಸಾಕ ಇನ್ನೊಂದ ಅರ್ಜಿ ಹಾಕ್ತೀನಿ. ಮತ್ತ ಬರ್ತೀವ್ರಿ" ಎಂದರು. ಅರ್ಜಿ ಹಾಕಿದರು; ಒಂದಲ್ಲ, ಮೂರು. ಯಾವುದಕ್ಕೂ ಉತ್ತರ ಬರಲಿಲ್ಲ. ಒಬ್ಬರನ್ನು ಕಳಿಸಲು ಸಾಕಾದ ಅದೇ ಅಕ್ಷರ, ಅದೇ ಸಹಿ, ತಿರುಗಿ ಕರೆಸಲು ಸಾಕಾಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಅಪ್ಪ ಮತ್ತೆ ಹೋಗಲಿಲ್ಲ.

ಅಪ್ಪ ಹೋಗಲಿಲ್ಲ ಸರಿ, ನನಗೇನಾಗಿತ್ತು? ಮದುವೆಯಾಗಿ ಬೆಳಗಾವಿಗೆ ಬಂದು ಇಪ್ಪತ್ತೇಳು ವರ್ಷ. ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಡಲು, ಯಾರನ್ನೋ ಕರೆತರಲು ಸಾಂಬ್ರಾಕ್ಕೆ ಎಷ್ಟು ಸಲ ಹೋಗಿದ್ದೇನೆ. ಪ್ರತಿ ಸಲವೂ ಹೊತ್ತಾಗಿರುತ್ತಿತ್ತು… ಮುಂದಿನ ಸಲ ಎಂದುಕೊಳ್ಳುತ್ತಿದ್ದೆ.

ಸುಣ್ಣದ ಕಲ್ಲು ಕಂಡ ದಿನ ಮಧ್ಯಾಹ್ನವೇ ತಮ್ಮನಿಗೆ ಫೋನ್ ಮಾಡಿದೆ. ಅವನು ಖಾನಾಪುರದಲ್ಲಿ ನಾಲ್ಕು ಜನರನ್ನು ಕೇಳಿ ಪತ್ತೆ ಹಚ್ಚಿದ. ಮಾಮಾನ ಮಗಳದು ಬೆಳಗಾವಿಯಲ್ಲೇ ಹೊಲಿಗೆ ಅಂಗಡಿ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಹೋದೆ. ಮೊದಲು ಅವಳು ಗುರುತು ಹಿಡಿಯಲಿಲ್ಲ. ತಮ್ಮನ ಕಾಲಿನ ಮಾತು ತೆಗೆದ ಮೇಲೆ ಕನ್ನಡಕ ಮೇಲೇರಿಸಿ ನೋಡಿದಳು.

"ಅಪ್ಪಾ ಹೋಗಿ ನಾಕ ವರ್ಷಾತ್ರಿ."

"ಅಯ್ಯ, ಒಂದ ಮಾತ ತಿಳಸಬಾರದಾ ಅಕ್ಕಾ" ಎಂದೆ. ನನ್ನ ದನಿಯಲ್ಲಿ ಸಿಡುಕಿತ್ತು. ಅದು ನನಗೇ ಕೇಳಿಸಿತು.

"ಯಾರಿಗಂತ ತಿಳಸೂಣ್ರಿ? ಮತ್ತ ಬರ್ತೀವಿ ಅಂತ ಹೇಳಿ ಹೋದ್ರಿ. ಅಪ್ಪಾ ಒಂದೆರಡ ವರ್ಷ ಐತಾರಕ್ಕೊಮ್ಮೆ ರಸ್ತಾ ನೋಡ್ತಿದ್ದಾ. ಆಮ್ಯಾಲ ಬಿಟ್ಟಾ."

ಮಶೀನು ನಿಂತಿತ್ತು. ಆಗ ಹೇಳಿದೆ, ಮಾಮಾನ ಮುಂದೆ ಹೇಳಬೇಕಾಗಿದ್ದದ್ದನ್ನು: ಅಪ್ಪನಿಗೆ ಚಾಡಿ ಹೇಳಿದವಳು ನಾನು, ಗಾಡಿಗಳ ಮಾತನ್ನು ಬೇಕೆಂದೇ ಬಿಟ್ಟವಳು ನಾನು.

"ಗೊತ್ತೈತ್ರಿ" ಎಂದಳು. "ನಾನೂ ದಿನಾ ನಿಮ್ಮ ಬಾಜೂನ ನಿಂತಿರ್ತಿದ್ನಲ್ರಿ. ನನಗೂ ಸಾಕಾಗಿತ್ತು. ಆದ್ರ ನಾ ಯಾರ ಮುಂದೂ ಚಾಡಿ ಹೇಳಲಿಲ್ಲ."

ಅವಳು ಅಷ್ಟು ಹೇಳಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿ ಹೊಲಿಯತೊಡಗಿದಳು.