ಮೇಷ್ಟ್ರ ಬಲಗಾಲಿನ ತಾಳ

ಮೇಷ್ಟ್ರ ಬಲಗಾಲಿನ ಷೂ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಲ್ಲೆಯಷ್ಟು ಅಗಲಕ್ಕೆ ಸವೆದಿತ್ತು. ಕಾಲ ಮೇಲೆ ಕಾಲು ಹಾಕಿ ಕೂತರೆ ಒಳಗಿನ ಕಾಲುಚೀಲ ಕಾಣುತ್ತಿತ್ತು. ಕಂದು ಬಣ್ಣದ ಷೂ ಎಂದು ನನ್ನ ನೆನಪು. ಆ ಕಾಲದ ನನ್ನ ಡೈರಿಯಲ್ಲಿ ಮಾತ್ರ ‘ಕಪ್ಪು ಷೂ’ ಎಂದಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಹೆದರಿದಾಗ ಕಂಡದ್ದು ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಹೆದರಿಕೆ ಒಂದೆರಡು ವಸ್ತುಗಳನ್ನು ವಿಪರೀತ ದೊಡ್ಡದಾಗಿ ಉಳಿಸಿ ಮಿಕ್ಕಿದ್ದನ್ನೆಲ್ಲ ಒರೆಸಿ ಹಾಕಿತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಸಿಡ್ನಿಗೆ ಬಂದಾಗ, ಅಲ್ಲಿನ ಲಿವರ್‌ಪೂಲ್ ಬಡಾವಣೆಯಲ್ಲಿ ನಾವು ರೆಂಟ್‌ಗಿದ್ದ ಫ್ಲ್ಯಾಟ್‌ನ ಕೆಳಗಿನ ಮನೆಯಲ್ಲಿ ಅವರಿದ್ದರು. ಹೆಂಡತಿ ಡಾಕ್ಟರ್. ಅವರಿಗೆ ಇಲ್ಲಿ ಕೆಲಸ ಸಿಕ್ಕಿತೆಂದು, ಮೈಸೂರಿನ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ತರಬೇತಿ ಕೊಡುತ್ತಿದ್ದ ಇವರು ಐವತ್ತು ದಾಟಿದ ಮೇಲೆ ಅವರ ಹಿಂದೆ ಬಂದವರು. ವಾರವಿಡೀ ಒಂದು ವೇರ್‌ಹೌಸ್‌ನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದರು. ಭಾನುವಾರ ಮಾತ್ರ ಮೇಷ್ಟ್ರಾಗುತ್ತಿದ್ದರು. ಹೊಸದಾಗಿ ಬಂದ ಕನ್ನಡದವರಿಗೆಲ್ಲ, ಅದರಲ್ಲೂ ನನ್ನಂಥ ಹೆಂಗಸರಿಗೆ, ಕಾರು ಓಡಿಸಲು ಅವರೇ ಕಲಿಸಿದ್ದು. ಯಾರಾದರೂ ‘ಅಂಕಲ್’ ಎಂದರೆ ಅವರಿಗಾಗುತ್ತಿರಲಿಲ್ಲ. “ಅಂಕಲ್‌ಗಳು ಊರ ತುಂಬಾ ಇದಾರೆ, ಮೇಷ್ಟ್ರು ಒಬ್ಬನೇ” ಎನ್ನುತ್ತಿದ್ದರು.

ಮಳೆ ಬಂದರೆ ಉಳಿದವರು ಪಾಠ ನಿಲ್ಲಿಸುತ್ತಾರೆ. ಇವರು ಶುರು ಮಾಡುತ್ತಿದ್ದರು. ಅಂಗಡಿಗಳು ಮುಚ್ಚಿದ ಮೇಲೆ ಖಾಲಿಯಾಗುವ ಕಾರ್‌ಪಾರ್ಕಿಗೆ ತಮ್ಮ ಹಳೆಯ ಕಾರನ್ನು ಒಯ್ದು, ಒದ್ದೆ ನೆಲದ ಮೇಲೆ ಜೋರಾಗಿ ಬ್ರೇಕ್ ಒತ್ತಿಸುತ್ತಿದ್ದರು. ಚಕ್ರ ತಿರುಗದೆ ಕಚ್ಚಿಕೊಂಡು ಕಾರು ಜಾರುತ್ತಿತ್ತು. ಆಗ ಅವರು ಪಕ್ಕದ ಸೀಟಿನಿಂದ ಬಾಯಲ್ಲಿ ಹೇಳುತ್ತಿದ್ದರು: “ತ-ಕ-ದಿ-ಮಿ, ತ-ಕ-ದಿ-ಮಿ.” ಚಿಕ್ಕಂದಿನಲ್ಲಿ ಸ್ವಲ್ಪ ಮೃದಂಗ ಕಲಿತಿದ್ದರಂತೆ. ಒಂದೊಂದು ಅಕ್ಷರಕ್ಕೆ ಒಂದು ಒತ್ತು, ಒಂದು ಬಿಡು. ಒತ್ತಿದಾಗ ಕಾರು ನಿಧಾನವಾಗುತ್ತದೆ, ಬಿಟ್ಟಾಗ ಚಕ್ರ ಉರುಳಿ ಸ್ಟಿಯರಿಂಗ್ ಮಾತು ಕೇಳುತ್ತದೆ. ಅವರ ಬಲಗೈ ಸದಾ ಹ್ಯಾಂಡ್‌ಬ್ರೇಕ್ ಮೇಲೆ, ಬಲಗಾಲು ಸದಾ ನೆಲದ ಮೇಲೆ ತಾಳ ಹಾಕುತ್ತ. ಷೂ ಸವೆದದ್ದು ಹಾಗೆ.

ನಾನು ವಿಪರೀತ ಪುಕ್ಕಲು. ಲೈಸೆನ್ಸ್ ಬಂದ ಮೇಲೂ ಸ್ಟಿಯರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. “ಹೆದರು, ಪರವಾಗಿಲ್ಲ. ಕಾಲಿಗೆ ಮಾತ್ರ ಹೇಳ್ಬೇಡ” ಎಂದಿದ್ದರು ಮೇಷ್ಟ್ರು. ತಲೆ ಹೆದರಿದರೂ ಕಾಲು ತನ್ನ ಪಾಡಿಗೆ ತಾಳ ಹಾಕುವಂತೆ ಅವರು ಕಲಿಸಿದ್ದರು. ಆಮೇಲೆ ಅವರನ್ನೇ ಹೆದರಿಸಿದ್ದೂ ಅದೇ.

ತೊಂಬತ್ತರ ಮೊದಲ ವರ್ಷಗಳಲ್ಲಿ ನಮ್ಮವರ ಕಾರುಗಳಿಗೆ ಎಬಿಎಸ್ ಬ್ರೇಕ್ ಬರತೊಡಗಿತು; ಕಾಲು ಒತ್ತಿ ಹಿಡಿದರೆ ಸಾಕು, ಚಕ್ರ ಕಚ್ಚಿಕೊಳ್ಳದಂತೆ ಅದು ತಾನೇ ಒತ್ತಿ ಬಿಡುತ್ತದೆ. ಒಂದು ಯುಗಾದಿ ಊಟಕ್ಕೆ ಹಾಲ್‌ನಲ್ಲಿ ಸೇರಿದ್ದಾಗ ಗಂಡಸರೆಲ್ಲ ಹೊರಗೆ ಒಂದು ಹೊಸ ಕಾರಿನ ಸುತ್ತ ನಿಂತಿದ್ದರು. ಅದು ಬೆಂಗಳೂರಿನ ಒಬ್ಬ ಡಾಕ್ಟರದು.

“ಎಬಿಎಸ್ ಇದೆ ಸಾರ್. ಸ್ನೋ ಮೇಲೂ ಗಕ್ ಅಂತ ನಿಲ್ಲುತ್ತೆ,” ಎಂದರು ಅವರು.

ಕ್ಯಾನ್‌ಬೆರಾಕ್ಕೆ ಮೀನಿನ ವ್ಯಾನ್ ಓಡಿಸುತ್ತಿದ್ದ ಮಂಗಳೂರಿನವರೊಬ್ಬರು ತಲೆಯಾಡಿಸಿದರು. “ಇಲ್ಲ ಮಾರಾಯ್ರೆ. ಹುಡಿ ಸ್ನೋ ಮೇಲೆ ಅದು ಇನ್ನೂ ದೂರ ಹೋಗ್ತದೆ. ಲಾಕ್ ಆದ ಚಕ್ರ ಎದುರಿಗೆ ಸ್ನೋ ಗುಡ್ಡೆ ಮಾಡ್ತದೆ, ಅದ್ಕೇ ನಿಲ್ಲುದು. ನಿಮ್ಮದು ಗುಡ್ಡೆ ಮಾಡ್ಲಿಕ್ಕೇ ಬಿಡುದಿಲ್ಲ.”

“ನೀವಿಬ್ರೂ ಜಗಳ ಆಡಿ. ನಾನಂತೂ ಇಲ್ಲಿನ ಜುಲೈ ಚಳೀಲಿ ಹಾಸಿಗೆ ಬಿಟ್ಟು ಏಳೋದೇ ಇಲ್ಲ,” ಎಂದರು ನನ್ನ ಗಂಡ.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ಆ ಕಾರಿನ ಚಕ್ರವನ್ನು ಷೂ ತುದಿಯಿಂದ ಮೆಲ್ಲಗೆ ಒದ್ದರು. “ಬ್ರೇಕು ಇರೋದು ಪೆಡಲ್ಲಲ್ಲಿ ಅಲ್ರಪ್ಪಾ, ಕಿವೀಲಿ. ಟೈರು ಏನನ್ನುತ್ತೆ ಅಂತ ಕೇಳಿಸ್ಕೊಂಡು ಕಾಲು ಆಡಿಸ್ಬೇಕು. ಕಿವಿ ಇಲ್ದೋರಿಗೆ ಈ ಪೆಟ್ಟಿಗೆ.” ಜನ ನಕ್ಕರು. ನಾನೂ ನಕ್ಕೆ. ಅವರು ಅಂಥ ಕಾರನ್ನು ಅಲ್ಲಿಯವರೆಗೆ ಓಡಿಸಿಯೇ ಇರಲಿಲ್ಲ ಎನ್ನುವುದು ನಮಗಾರಿಗೂ ಹೊಳೆಯಲಿಲ್ಲ.

ಮರುವರ್ಷ ಗಂಡನ ಕೆಲಸದಿಂದಾಗಿ ನಾವು ಮೆಲ್ಬರ್ನ್‌ಗೆ ಹೋದೆವು. ಅಲ್ಲಿ ಕೊಂಡ ಕಾರಿಗೆ ಎಬಿಎಸ್ ಇತ್ತು. ಬ್ರೇಕ್ ಕೆಲಸ ಮಾಡುವಾಗ ಪೆಡಲ್ ನಡುಗುತ್ತದೆ, ಹೆದರಬೇಡ, ಕಾಲು ತೆಗೆಯಬೇಡ ಎಂದು ಕಾರಿನ ಜೊತೆ ಬಂದ ಪುಸ್ತಕ ಓದಿ ನನಗೆ ತಿಳಿಸಿದ್ದಾಗಿ ಗಂಡ ಹೇಳುತ್ತಾರೆ. ನನಗೆ ನೆನಪಿಲ್ಲ. ಹೇಳಿರಲೂಬಹುದು.

ಆ ಜುಲೈನ ಸ್ಕೂಲ್ ರಜೆಯಲ್ಲಿ ಮೇಷ್ಟ್ರೂ ಅವರ ಹೆಂಡತಿ ಡಾಕ್ಟರ್ ಆಂಟಿಯೂ ಸಿಡ್ನಿಯಿಂದ ನಮ್ಮಲ್ಲಿಗೆ ಬಂದರು. ಇಬ್ಬರೂ ಹಿಮ ಕಂಡವರಲ್ಲ. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಚೈನು ಬಾಡಿಗೆಗೆ ತಂದು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಚಿತ್ರಾನ್ನ ಕಟ್ಟಿಕೊಂಡು, ಬೆಟ್ಟಕ್ಕೆ ಹೋದೆವು. ಆಂಟಿ ಸೀರೆಯನ್ನು ಗಂಬೂಟ್‌ನೊಳಗೆ ಸಿಕ್ಕಿಸಿಕೊಂಡು ಹಿಮದಲ್ಲಿ ನಡೆದರು. ನನ್ನ ಗಂಡ ಜಾರಿಬಿದ್ದು ಕಾಲು ಉಳುಕಿಸಿಕೊಂಡರು. ಹೀಗೆ ಇಳಿಯುವಾಗ ಓಡಿಸುವ ಕೆಲಸ ನನಗೆ ಬಂತು. ಮೇಷ್ಟ್ರು ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಗಂಡ, ಆಂಟಿ, ನಡುವೆ ಏಳು ವರ್ಷದ ನನ್ನ ಮಗಳು.

ಮಧ್ಯಾಹ್ನ ಮೂರೂವರೆಯಿರಬೇಕು. ಬಿಸಿಲಿದ್ದ ಕಡೆ ರಸ್ತೆ ಒಣಗಿತ್ತು. ಒಂದು ತಿರುವಿನಲ್ಲಿ ಮರಗಳ ನೆರಳಿನ ಕೆಳಗೆ ಕಪ್ಪಗೆ ಹೊಳೆಯುತ್ತಿತ್ತು. ನೀರು ಎಂದುಕೊಂಡೆ; ಅದು ಮಂಜುಗಡ್ಡೆಯ ಪದರವಾಗಿತ್ತು. ತಿರುವು ದಾಟಿದ ಕೂಡಲೇ ನಮ್ಮ ದಾರಿಯಲ್ಲೇ, ಎಡಗಡೆ, ಒಂದು ಕಾರು ನಿಂತಿತ್ತು. ಅದರ ಹಿಂದಿನ ಚಕ್ರದ ಬಳಿ ಕೆಂಪು ಉಣ್ಣೆಯ ಟೋಪಿಯ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಚೈನು ಬಿಚ್ಚುತ್ತಿದ್ದ.

ಬ್ರೇಕ್ ಒತ್ತಿದೆ. ಪೆಡಲ್ ಪಾದದ ಕೆಳಗೆ ಗರಗರ ಎಂದು ನಡುಗಿ ಹಿಂದಕ್ಕೆ ಒದೆಯಿತು. ಏನೋ ಮುರಿಯಿತು ಎಂದೇ ಅಂದುಕೊಂಡು ಕಾಲು ಎತ್ತಿದೆ. ಕಾರು ನುಣ್ಣಗೆ, ಸದ್ದಿಲ್ಲದೆ, ಅವನ ಕಡೆ ಹೊರಟಿತು. ಮತ್ತೆ ಒತ್ತಿದೆ, ನಡುಕ, ಬಿಟ್ಟೆ. ನನ್ನ ಕಾಲು ತ-ಕ-ದಿ-ಮಿ ಹಾಕುತ್ತಿತ್ತು. ಪ್ರತಿ ಬಿಡುವಿನಲ್ಲೂ ಆ ಟೋಪಿ ಹತ್ತಿರವಾಗುತ್ತಿತ್ತು. ಅವನು ತಲೆಯೆತ್ತಿದ. ಕೈಯಲ್ಲಿ ಚೈನು ಹಾಗೇ ಇತ್ತು. ಅವನ ಮುಖ ನನಗೆ ಇವತ್ತಿಗೂ ಬೇಡ.

ಆಮೇಲೆ ಯಾಕೋ ನನ್ನ ಕಾಲು ತಾಳ ಬಿಟ್ಟು, ಒತ್ತಿದ್ದು ಒತ್ತಿದಂತೆ ನಿಂತುಬಿಟ್ಟಿತು. ಪೆಡಲ್ ನಡುಗುತ್ತಲೇ ಇತ್ತು. ಸ್ಟಿಯರಿಂಗ್ ಬಲಕ್ಕೆ ಎಳೆದೆ. ಕಾರು ನಿಲ್ಲಲಿಲ್ಲ, ಆದರೆ ತಿರುಗಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಅವನನ್ನು ಗೇಣು ದೂರದಲ್ಲಿ ದಾಟಿ, ಮುಂದೆ ರಸ್ತೆಯಂಚಿನ ಹಿಮದ ದಿಬ್ಬಕ್ಕೆ ಮೂತಿ ಚುಚ್ಚಿ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಆ ಮನುಷ್ಯ ಚೈನು ಹಿಡಿದುಕೊಂಡೇ ಬಂದು ನಮ್ಮನ್ನು ನೋಡಿ ಹಿಂದಿರುಗಿದ.

ಅಂದಿನ ಡೈರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: ‘ಮೇಷ್ಟ್ರು ಬಾಯಿ ಬಿಡಲಿಲ್ಲ.’ ಪಾಠದಲ್ಲಿ ಒಮ್ಮೆಯೂ ಸುಮ್ಮನಿರದಿದ್ದ ಮನುಷ್ಯ. ಅವತ್ತು ತ-ಕ-ದಿ-ಮಿ ಹೇಳಲಿಲ್ಲ. ಕೈ ಹ್ಯಾಂಡ್‌ಬ್ರೇಕ್ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಅವರು ಹೇಳಿದ್ದರೆ ನಾನು ಖಂಡಿತ ಆ ತಾಳವನ್ನೇ ಮುಂದುವರಿಸುತ್ತಿದ್ದೆ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯದೆ ನನ್ನನ್ನು ಹೊರಡಿಸಿದರು. ನಮ್ಮ ಸಬರ್ಬ್‌ನ ಆಟದ ಮೈದಾನದ ಪಕ್ಕದಲ್ಲಿ ಕಾರು ನಿಲ್ಲಿಸುವ ಹುಲ್ಲುಜಾಗವಿತ್ತು, ಇಬ್ಬನಿಯಿಂದ ತೊಯ್ದಿತ್ತು. ಅವರು ಸ್ಟಿಯರಿಂಗ್ ಹಿಡಿದರು. “ಈಗ ನೀನು ಮೇಷ್ಟ್ರು. ಕಾಲು ಎತ್ತಿದ್ರೆ ಬಯ್ಯಿ.”

ಓಡಿಸಿ ಜೋರಾಗಿ ಒತ್ತಿದರು. ಪೆಡಲ್ ಗರಗರ ಎಂದಿತು. “ಅಯ್ಯಯ್ಯೋ, ಕಚ್ಚುತ್ತಲ್ಲಮ್ಮಾ ಇದು!” ಎಂದು ಸಟ್ಟನೆ ಕಾಲು ಎತ್ತಿದರು, ಹಿಂದಿನ ದಿನ ನಾನು ಎತ್ತಿದ ಹಾಗೆಯೇ.

“ಎತ್ತಿದ್ರಿ ಸಾರ್,” ಎಂದೆ.

“ಎತ್ತಿದೆ. ಇನ್ನೊಂದ್ಸಲ.”

ಎರಡನೆಯ ಸಲವೂ ಎತ್ತಿದರು. ಮೂರನೆಯ ಸಲವೂ. ಮೂವತ್ತು ವರ್ಷ ತಾಳ ಹಾಕಿದ ಕಾಲು ಅವರ ಮಾತು ಕೇಳಲೊಲ್ಲದು. ಎಷ್ಟನೆಯ ಸಲಕ್ಕೋ ಒತ್ತಿ ಹಿಡಿದರು. ಕಾರು ನಡುಗುತ್ತ, ತಿರುಗುತ್ತ, ಹುಲ್ಲಿನಲ್ಲಿ ನಿಂತಿತು. ಇಂಜಿನ್ ಆರಿಸಿದರು.

“ನಾನು ಎಷ್ಟು ಜನಕ್ಕೆ ಕಲ್ಸಿದೀನಿ ಗೊತ್ತಾ?” ಎಂದರು. “ಒಬ್ಬೊಬ್ರ ಕಾಲಲ್ಲೂ ಇದನ್ನ ಇಟ್ಟು ಕಳಿಸಿದೀನಿ. ಎಲ್ರೂ ಹೊಸ ಕಾರು ತಗೋತಾ ಇದಾರೆ.”

ಆ ವಾಕ್ಯವನ್ನು ಅವರು ಹೀಗೆಯೇ ಹೇಳಿದರೆಂದು ಪ್ರಮಾಣ ಮಾಡಲಾರೆ. ಆದರೆ ಆಮೇಲೆ ಅವರು ಮಾಡಿದ್ದನ್ನು ಬಲ್ಲೆ. ಮನೆಗೆ ಬಂದು, ಷೂ ಕೂಡ ಬಿಚ್ಚದೆ, ನಮ್ಮ ಫೋನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಜೇಬಿನ ವಿಳಾಸದ ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದರು. “ನಾನು ಮೇಷ್ಟ್ರು. ನಿಮ್ಮ ಕಾರಿಗೆ ಎಬಿಎಸ್ ಇದೆಯಾ? ಇದ್ರೆ ನಾನು ಹೇಳ್ಕೊಟ್ಟಿದ್ದು ತಪ್ಪು. ಒತ್ತಿ ಹಿಡೀರಿ, ಬಿಡ್ಬೇಡಿ. ನಡುಗಿದ್ರೆ ನಡುಗ್ಲಿ. ಕೂಡ್ಲೇ ನಿಲ್ಲುತ್ತೆ ಅಂತ ನಂಬಬೇಡಿ, ಆದ್ರೆ ಸ್ಟಿಯರಿಂಗ್ ಎಳೆದ ಕಡೆ ತಿರುಗುತ್ತೆ. ಹಳೇ ಕಾರಾದ್ರೆ ಹಳೇದೇ ಸರಿ.” ‘ತಪ್ಪು’ ಎಂಬ ಮಾತನ್ನು ಒಬ್ಬರನ್ನೂ ಬಿಡದೆ ಎಲ್ಲರಿಗೂ ಹೇಳಿದರು. ಆ ಕಡೆಯಿಂದ ಯಾರೋ ಚುಡಾಯಿಸಿರಬೇಕು, “ನಗಬೇಡ ಕಣಯ್ಯಾ. ಮೊದ್ಲು ಕಾರ್ ಹತ್ರ ಹೋಗಿ ನೋಡ್ಕೊಂಡ್ ಬಾ, ಹಿಡ್ಕೊಂಡಿರ್ತೀನಿ” ಎಂದು ರಿಸೀವರ್ ಕಿವಿಗೊತ್ತಿಕೊಂಡು ಕಾದರು.

ಸಿಡ್ನಿಯಲ್ಲೇ ಕ್ವೇಕರ್ಸ್ ಹಿಲ್‌ಗೆ ಮನೆ ಬದಲಿಸಿದ ಒಬ್ಬ ಶಿಷ್ಯೆಯ ನಂಬರ್ ಸಿಗಲಿಲ್ಲ. ಸಿಡ್ನಿಗೆ ಹಿಂದಿರುಗಿದ ಮೇಲೆ ಎರಡು ಭಾನುವಾರ ಹುಡುಕಿ ಅವಳ ಮನೆ ಬಾಗಿಲಿಗೇ ಹೋದರಂತೆ. ಅವಳ ಬಳಿ ಕಾರೇ ಇರಲಿಲ್ಲವಂತೆ. “ಮುಂದೆ ತಗೊಂಡ್ರೆ ಬೇಕಾಗುತ್ತೆ” ಎಂದು ಹೇಳಿಯೇ ಬಂದರು ಎಂದು ಡಾಕ್ಟರ್ ಆಂಟಿ ಫೋನಿನಲ್ಲಿ ನಕ್ಕರು.

ನನಗೆ ಅವರನ್ನು ಕೇಳುವುದೊಂದಿತ್ತು. ಒಮ್ಮೆ ಕೇಳಿದೆ: “ಅವತ್ತು ಬೇಕು ಅಂತ ಸುಮ್ನಿದ್ರಾ ಸಾರ್?” ಟೈರಿನ ಸದ್ದು ತಮಗೆ ಗೊತ್ತಿದ್ದ ಸದ್ದಲ್ಲ ಎಂದು ಕಿವಿಗೆ ತಿಳಿದು, ತಮ್ಮ ಪಾಠ ಇಲ್ಲಿ ನಡೆಯದೆಂದು ಬಾಯಿ ಕಟ್ಟಿಕೊಂಡರೇ? ಅಥವಾ ಹೆದರಿ ಗಂಟಲು ಕಟ್ಟಿತ್ತೇ? “ನೀನೇ ಹೇಳಮ್ಮಾ, ಪಕ್ಕದಲ್ಲಿದ್ದೋಳು ನೀನು” ಎಂದು ಮಾತು ಹಾರಿಸಿದರು. ಬೇಕೆಂದೇ ಸುಮ್ಮನಿದ್ದರು ಎಂದು ನನ್ನ ಗಂಡನ ವಾದ. “ಅವರಾ? ಉಸಿರೇ ಬಿಟ್ಟಿರ್ಲಿಲ್ಲ” ಎಂದರು ಆಂಟಿ.

ತೊಂಬತ್ತರ ದಶಕ ಮುಗಿಯುವ ಮೊದಲೇ, ಒಂದು ಜೂನ್‌ನಲ್ಲಿ, ಮೇಷ್ಟ್ರು ಹೃದಯ ನಿಂತು ಹೋಗಿಬಿಟ್ಟರು. ಹೆದ್ದಾರಿಯ ಎರಡೂ ಬದಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿದ್ದ ದಿನ ಮೆಲ್ಬರ್ನ್‌ನಿಂದ ಸಿಡ್ನಿಯವರೆಗೆ ನಾನೇ ಓಡಿಸಿದೆ, ಮರದ ನೆರಳು ಕಂಡಲ್ಲೆಲ್ಲ ಹೆದರುತ್ತ. ಅವರ ಮನೆಯ ಬಾಗಿಲ ಬಳಿ ಷೂಗಳಿದ್ದವು. ಯಾರೂ ನೋಡದಾಗ ಬಲಗಾಲಿನದನ್ನು ಮಗುಚಿದೆ. ಹೊಸ ಅಟ್ಟೆ ಹಾಕಿಸಿದ್ದರು, ಎಲ್ಲೂ ಸವೆದಿರಲಿಲ್ಲ. ಬಣ್ಣ ನೋಡಿಕೊಳ್ಳಲು ಮರೆತೆ.

ಮಗಳಿಗೆ ಡ್ರೈವಿಂಗ್ ಕಲಿಸಿದ್ದು ನಾನು. ತೊಡೆಯ ಮೇಲೆ ಕೈಯಿಟ್ಟುಕೊಂಡು, ಅವಳು ಬ್ರೇಕ್ ಒತ್ತಿದಾಗಲೆಲ್ಲ ಬಾಯಿ ಮುಚ್ಚಿ ಕೂತೆ. ಅದನ್ನು ಮೇಷ್ಟ್ರಿಂದ ಕಲಿತ ಪಾಠ ಎಂದೇ ನಂಬಿದ್ದೆ. ಈಗೀಗ ಅನುಮಾನ: ನನ್ನ ಗಂಟಲೂ ಬರೀ ಹೆದರಿಕೆಯಿಂದ ಕಟ್ಟಿತ್ತೇನೋ. ಅವತ್ತು ಹಿಂದಿನ ಸೀಟಿನ ನಡುವೆ ಕೂತು ಮುಂದಕ್ಕೆ ಬಾಗಿದ್ದವಳು ಅವಳು. ಮೇಷ್ಟ್ರ ಮುಖ ಕಾಣುವ ಜಾಗದಲ್ಲಿದ್ದವಳು ಅವಳೊಬ್ಬಳೇ. ಕಳೆದ ತಿಂಗಳು ಫೋನಿನಲ್ಲಿ ಅವಳನ್ನು ಕೇಳಿದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ತಟ್ಟನೆ ಉತ್ತರ ಕೊಡುವ ಹುಡುಗಿ, “ಲೆಟ್ ಮಿ ಥಿಂಕ್, ಅಮ್ಮಾ” ಎಂದಳು. ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಆ ಟೋಪಿಯವನು ಎದುರಿಗೆ ಬಂದಾಗ ಮೇಷ್ಟ್ರು ತಾತ ಯಾರನ್ನ ನೋಡ್ತಾ ಇದ್ರು ಪುಟ್ಟಿ, ಅವನನ್ನೋ, ನನ್ನ ಕಾಲನ್ನೋ?”