ಎಡಗೈ ಎತ್ತಿದವರು

ಹಿಂದಿನ ಬೆಂಚು ಕಿರ್ರೆಂದಿತು. ಹೊಸ ಹೆಡ್‌ಮಿಸ್ ಇವತ್ತೂ ನೋಟ್‌ಬುಕ್ ಹಿಡಿದು ಬಂದು ಕೂತರು. ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದ ಟೀಚರಿಗೆ ಅನುಮಾನ ಗಟ್ಟಿಯಾಯಿತು: ಹತ್ತನೇ ತರಗತಿಯನ್ನು ತನ್ನಿಂದ ಕಿತ್ತುಕೊಳ್ಳಲು ತಪ್ಪು ಹುಡುಕುತ್ತಿದ್ದಾರೆ. ಈಕೆ ಬೈಯುವುದಿಲ್ಲ, ಹೀಗೇ ಮಾಡಿ ಅನ್ನುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಇಷ್ಟು ಮೆತ್ತಗಿರುವವರನ್ನು ನಂಬುವುದು ಹೇಗೆ?

ಟೀಚರ ಬಳಿ ಹಳೆಯ ಉಪಾಯವೊಂದಿತ್ತು. ಯಾರಾದರೂ ಪಾಠ ನೋಡಲು ಬಂದಾಗ ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಬೇಕು. ಇವತ್ತೂ ಪ್ರಶ್ನೆ ಹಾಕಿದೊಡನೆ ಇಡೀ ತರಗತಿ ಕೈ ಎತ್ತಿತು. ಟೀಚರ್ ಬಲಗೈಯವರನ್ನಷ್ಟೇ ಕೇಳಿದರು.

ಬೆಲ್ ಹೊಡೆದ ಮೇಲೆ ಬಾಗಿಲ ಹೊರಗೆ ಟೀಚರೇ ಹೆಡ್‌ಮಿಸ್‌ಗೆ ಅಡ್ಡ ನಿಂತರು. "ಸುತ್ತಿ ಬಳಸಿ ಮಾತು ಬೇಡ ಮೇಡಂ. ಹತ್ತನೇ ಕ್ಲಾಸು ಯಾರಿಗೆ ಕೊಡ್ತಿದೀರಿ?"

"ನಿಮ್ಮನ್ನ ಬಿಟ್ಟು ಇನ್ಯಾರಿಗೆ?"

"ಮತ್ತೆ ಆ ನೋಟ್‌ಬುಕ್ಕಲ್ಲಿ ಏನು ಗೀಚ್ತೀರಿ? ನನ್ನ ಜಾತಕಾನಾ?"

ಹೆಡ್‌ಮಿಸ್ ನಕ್ಕು ಪುಟ ತೋರಿಸಿದರು. ಹನ್ನೊಂದು ಹೆಸರುಗಳಿದ್ದವು, ಎಲ್ಲ ಎಡಗೈ ಎತ್ತಿದವರದೇ. "ಇವರನ್ನ ಕೇಳಿದ್ರೆ ಏನು ಹೇಳ್ತಿದ್ರು ಮಿಸ್?"

ಟೀಚರಿಗೆ ಗೊತ್ತಿರಲಿಲ್ಲ. ಇದೂ ಬಲೆಯೇ ಇರಬಹುದು ಅನ್ನಿಸಿತು.

"ಆಮೇಲೆ ಕೂತು ಮಾತಾಡೋಣ, ನಿಮಗೆ ಯಾವಾಗ—" ಎಂದು ಹೆಡ್‌ಮಿಸ್ ಅನ್ನುತ್ತಿರುವಾಗಲೇ ಟೀಚರ್ ಆ ನೋಟ್‌ಬುಕ್ಕನ್ನು ಕಸಿದುಕೊಂಡು, ಮೊದಲ ಹೆಸರು ಕೂಗುತ್ತಾ, ಮಕ್ಕಳು ಇನ್ನೂ ಕೂತಿದ್ದ ತರಗತಿಯೊಳಕ್ಕೆ ನಡೆದರು.